ಸೊಟ್ಟ ಹಳಿ ನೇರ ಮಾಡಲು ಸ್ಕ್ರೂ ಜಿಮ್ ಕ್ರೋ ಒಳ್ಳೆಯದೋ, ಹೈಡ್ರಾಲಿಕ್ಕೋ?

ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ಕೈಯಿಂದ ತಿರುಗಿಸುವ ಸ್ಕ್ರೂ ಜಿಮ್ ಕ್ರೋಗೆ. ಜಿಮ್ ಕ್ರೋ ಅಂದರೆ ಸೊಟ್ಟಗಾದ ರೈಲು ಹಳಿಯನ್ನು ತಳ್ಳಿ ನೇರ ಮಾಡುವ ಉಪಕರಣ. ಕಳೆದ ವರ್ಷ ಹೊಸ ಸ್ಕ್ರೂ ಸೆಟ್ ಒಂದನ್ನು ಕೊಂಡೆ. ಅದಕ್ಕೂ ಮುಂಚೆ ಹೈಡ್ರಾಲಿಕ್ ಒಂದನ್ನು ಬಾಡಿಗೆಗೆ ತಂದು ತುಂಬಾ ದಿನ ಓಡಿಸಿದ್ದೆ. ಎರಡನ್ನೂ ಒಂದೇ ಯಾರ್ಡಿನಲ್ಲಿ, ಒಂದೇ ಗ್ಯಾಂಗಿನ ಕೈಯಲ್ಲಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಯಾವುದು ಎಷ್ಟು ಟನ್, ಎಷ್ಟು ತೂಕ ಅನ್ನುವುದೆಲ್ಲ ಕ್ಯಾಟಲಾಗಿನಲ್ಲೇ ಇರುತ್ತದೆ, ಅದು ಬೇಡ.

ನಮ್ಮದು ಹೊಸಪೇಟೆ, ತೋರಣಗಲ್ಲು ಕಡೆ ಖಾಸಗಿ ಸೈಡಿಂಗ್‌ಗಳ ಟ್ರ್ಯಾಕ್ ನೋಡಿಕೊಳ್ಳುವ ಸಣ್ಣ ಗುತ್ತಿಗೆ. ಸೈಡಿಂಗ್ ಅಂದರೆ ಸರಕು ತುಂಬಲು ಮೇನ್ ಲೈನಿನಿಂದ ಕವಲೊಡೆದ ಹಳಿ. ಅದಿರು ತುಂಬುವ ಜಾಗ. ಇಲ್ಲಿ ಹಳಿ ಸೊಟ್ಟಗಾಗಲು ದೊಡ್ಡ ಅಪಘಾತವೇ ಆಗಬೇಕಿಲ್ಲ. ಲೋಡರಿನ ಬಕೆಟ್ ತಗುಲಿದರೂ ಸಾಕು. ವ್ಯಾಗನ್ ಗಾಲಿ ಕೆಳಗಿಳಿದರೆ ಮುಗಿದೇ ಹೋಯಿತು. 13 ಮೀಟರ್ ಉದ್ದದ ಹಳಿಯನ್ನು ಕ್ರೇನಿನಲ್ಲಿ ಒಂದೇ ಕಡೆ ಸ್ಲಿಂಗ್ ಹಾಕಿ ಎತ್ತಿ, ಧೊಪ್ಪನೆ ಕೆಳಗೆ ಬಿಡುವವರೂ ಇದ್ದಾರೆ. ಮೇನ್ ಲೈನಿನಲ್ಲಾದರೆ ಅಂಥ ಹಳಿ ತೆಗೆದು ಬೇರೆ ಹಾಕುತ್ತಾರೆ. ರೇಕ್ (ವ್ಯಾಗನ್ನುಗಳ ಸಾಲು) ಆಮೆ ನಡಿಗೆಯಲ್ಲಿ ಬರುವ ಸೈಡಿಂಗಿನಲ್ಲಿ, ಬಿರುಕಿಲ್ಲದ ಹಳಿಯ ಸಣ್ಣ ಸೊಟ್ಟವನ್ನು ತೆಗೆದು ಅದನ್ನೇ ಬಳಸುತ್ತೇವೆ. ಒಂದು ಮೀಟರಿಗೆ 52 ಕಿಲೋ ಅಥವಾ 60 ಕಿಲೋ ತೂಗುವ ಮಾಲು. ಸುಮ್ನೆ ಗುಜರಿಗೆ ಹಾಕಲು ಯಾವ ಮಾಲೀಕನಿಗೂ ಮನಸ್ಸು ಬರುವುದಿಲ್ಲ.

ಜಿಮ್ ಕ್ರೋ ನೋಡದವರಿಗೆ ಎರಡು ಮಾತು. ಬಿಲ್ಲಿನಂತೆ ಬಾಗಿದ ದಪ್ಪ ಉಕ್ಕಿನ ಚೌಕಟ್ಟು, ಅದರ ಎರಡು ತುದಿಗೆ ಕೊಕ್ಕೆ, ನಡುವೆ ಒಂದು ತಳ್ಳುವ ಕೋಲು. ಕೊಕ್ಕೆಗಳು ಹಳಿಯ ತಗ್ಗಿದ ಬದಿಯನ್ನು ಹಿಡಿಯುತ್ತವೆ. ಕೋಲು ಉಬ್ಬಿದ ಬದಿಯಿಂದ ತಳ್ಳುತ್ತದೆ. ಆ ಕೋಲು ಸ್ಕ್ರೂ ಆಗಿದ್ದರೆ ಹಾರೆ ತೂರಿಸಿ ತಿರುಗಿಸಬೇಕು. ಹೈಡ್ರಾಲಿಕ್ ಆದರೆ ಪಂಪು ಒತ್ತಬೇಕು. ಎರಡರ ನಡುವಿನ ವ್ಯತ್ಯಾಸ ಇಷ್ಟೇ ಅನಿಸುತ್ತದೆ, ಅಲ್ವಾ? ಕೆಲಸಕ್ಕೆ ಇಳಿದಾಗ ಗೊತ್ತಾಗುತ್ತದೆ.

ಹೈಡ್ರಾಲಿಕ್ಕಿನ ಒಳ್ಳೆಯ ಗುಣಗಳನ್ನು ಮೊದಲು ಹೇಳುತ್ತೇನೆ. ಬೇಗ ಕೆಲಸ ಆಗುತ್ತದೆ. ಒಬ್ಬನೇ ಪಂಪು ಒತ್ತಬಹುದು. ಬೆವರು ಕಡಿಮೆ. ನೆಲದ ಮೇಲೆ ಸಾಲಾಗಿ ಜೋಡಿಸಿದ ಹತ್ತಾರು ಹಳಿಗಳಲ್ಲಿ ದೊಡ್ಡ ದೊಡ್ಡ ಸೊಟ್ಟ ತೆಗೆಯಬೇಕಾದರೆ ಅದಕ್ಕೆ ಸಾಟಿಯೇ ಇಲ್ಲ. ಸ್ಕ್ರೂ ಹಿಡಿದುಕೊಂಡು ಆ ಕೆಲಸ ಮಾಡಿದರೆ ಗ್ಯಾಂಗಿನವರ ಭುಜ ಬಿದ್ದುಹೋಗುತ್ತದೆ.

ಇನ್ನು ಅದರ ಕಾಟ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಸ್ಕ್ರೂ ಕಡೆ ವಾಲಿದ್ದು ಇದೊಂದಕ್ಕೇ.

ಹಳಿಯನ್ನು ತಳ್ಳಿದಾಗ ಅದು ಬಾಗುತ್ತದೆ. ಬಿಟ್ಟಾಗ ಒಂದಷ್ಟು ವಾಪಸ್ ಬರುತ್ತದೆ. ಸ್ವಲ್ಪವೇ ತಳ್ಳಿದರೆ ಪೂರ್ತಿ ವಾಪಸ್ ಬರುತ್ತದೆ, ಏನೂ ಆಗಿರುವುದಿಲ್ಲ. ಒಂದು ಹದ ದಾಟಿ ತಳ್ಳಿದಾಗ ಮಾತ್ರ ಬಾಗಿದ್ದರಲ್ಲಿ ಒಂದು ಪಾಲು ಉಳಿದುಕೊಳ್ಳುತ್ತದೆ. ಈ ಹದವನ್ನು ಎಷ್ಟು ದಾಟಬೇಕು ಅನ್ನುವುದರಲ್ಲೇ ನಮ್ಮ ಕಸುಬೆಲ್ಲ ಇದೆ. ಸ್ವಲ್ಪ ಕಡಿಮೆಯಾದರೆ ಮತ್ತೆ ಮಾಡಬೇಕು. ಜಾಸ್ತಿಯಾದರೆ ಸೊಟ್ಟ ಆ ಕಡೆಗೆ ತಿರುಗುತ್ತದೆ. ಆಗ ಜಿಮ್ ಕ್ರೋ ಬಿಚ್ಚಿ, ತಿರುಗಿಸಿ, ಎದುರು ಬದಿಗೆ ಕಟ್ಟಿ ಮತ್ತೆ ತಳ್ಳಬೇಕು.

ಬಾಡಿಗೆಗೆ ತಂದ ಯಂತ್ರದ ಪಂಪಿನ ಮೇಲೆ ಚಂದದ ಪ್ರೆಷರ್ ಮೀಟರ್ ಇತ್ತು. ಮುಳ್ಳು ನೋಡಿಕೊಂಡೇ ಹದ ಹಿಡಿಯಬಹುದು ಎಂದು ತಂದುಕೊಟ್ಟವರು ಹೇಳಿದ್ದರು. ಹಾಗೆ ಆಗುವುದಿಲ್ಲ. ಶುರುವಿನಲ್ಲಿ ಮುಳ್ಳು ಸರಸರ ಏರುತ್ತದೆ. ಅಷ್ಟು ಹೊತ್ತೂ ಹಳಿ ಅಲುಗುವುದು ಸ್ವಲ್ಪವೇ. ಆಮೇಲೆ ಉಕ್ಕು ಸೋಲಲು ಶುರುವಾಗುತ್ತದೆ. ಆಗ ಮುಳ್ಳು ಹೆಚ್ಚುಕಡಿಮೆ ನಿಂತೇಬಿಡುತ್ತದೆ, ಹಳಿ ಮಾತ್ರ ಸರಿಯುತ್ತಲೇ ಇರುತ್ತದೆ. ಅಂದರೆ ನಮಗೆ ಎಲ್ಲಿ ಲೆಕ್ಕ ಬೇಕೋ ಸರಿಯಾಗಿ ಅಲ್ಲೇ ಮೀಟರ್ ಬಾಯಿ ಮುಚ್ಚಿಕೊಳ್ಳುತ್ತದೆ. ಇನ್ನೆರಡು ಪಂಪು ಒತ್ತಿದರೆ ಮುಳ್ಳು ಅರ್ಧ ಗೆರೆ ಅಲುಗಿದರೆ ಹೆಚ್ಚು. ಹಳಿ ಆಗಲೇ ಮಿಲಿಮೀಟರುಗಟ್ಟಲೆ ಹೋಗಿರುತ್ತದೆ.

ಯಂತ್ರ ಕೆಟ್ಟಿತ್ತು ಅಂತಲ್ಲ. ಉಕ್ಕಿನ ಗುಣವೇ ಹಾಗೆ. ಬಲವನ್ನು ಅಳೆದು ಹಳಿ ನೇರ ಮಾಡಲು ಆಗುವುದಿಲ್ಲ, ಸರಿದ ದೂರವನ್ನು ಅಳೆಯಬೇಕು. ನಮ್ಮ ಮೇಟ್, ಅಂದರೆ ಗ್ಯಾಂಗಿನ ಮುಖ್ಯಸ್ಥರು, ರೈಲ್ವೆಯಲ್ಲಿ ಗ್ಯಾಂಗ್ ನೋಡಿಕೊಂಡು ನಿವೃತ್ತರಾದವರು. ನಾನು ಮೀಟರಿಗೆ ಕಣ್ಣು ಅಂಟಿಸಿಕೊಂಡು ಕೂತಿದ್ದನ್ನು ನೋಡಿ, "ಮೀಟರ್ ಯಾಕ ನೋಡ್ತಿ ತಮ್ಮಾ, ದಾರ ನೋಡು" ಅಂದರು.

ದಾರ ಅಂದರೆ ಹಳಿಯ ತಲೆಯ (ಗಾಲಿ ಉರುಳುವ ಮೇಲ್ಭಾಗದ) ಒಳಬದಿಗೆ ಎಳೆದು ಕಟ್ಟುವ ನೈಲಾನ್ ದಾರ. ದಾರಕ್ಕೂ ಹಳಿಗೂ ನಡುವಿನ ಸಂದನ್ನು ಸ್ಟೀಲ್ ಸ್ಕೇಲಿನಲ್ಲಿ ಅಳೆಯುತ್ತೇವೆ. ಹೈಡ್ರಾಲಿಕ್ಕಿನಲ್ಲೂ ದಾರ ನೋಡಬಹುದು, ನೋಡಿದೆವು ಕೂಡ. ಆದರೆ ಹಳಿ ಒತ್ತಡದಲ್ಲಿ ಇರುವಾಗಿನ ಅಳತೆ ಬೇರೆ, ಬಿಟ್ಟ ಮೇಲಿನದು ಬೇರೆ. ನಿಜ ಗೊತ್ತಾಗಬೇಕೆಂದರೆ ವಾಲ್ವ್ ತೆಗೆದು ಒತ್ತಡ ಪೂರ್ತಿ ಇಳಿಸಬೇಕು. ಇಳಿಸಿದರೆ ಒಳಗಿನ ಸ್ಪ್ರಿಂಗ್ ಕೋಲನ್ನು ಪೂರ್ತಿ ಹಿಂದಕ್ಕೆ ಎಳೆದುಕೊಂಡು ಬಿಡುತ್ತದೆ. ಹಿಂದಿನ ಸಲ ಎಲ್ಲಿಯವರೆಗೆ ತಳ್ಳಿದ್ದೆವು ಅನ್ನುವುದಕ್ಕೆ ಗುರುತೇ ಇಲ್ಲ. ಮತ್ತೆ ಸೊನ್ನೆಯಿಂದ ಶುರು. ಕೋಲಿನ ಮೇಲೆ ಬಣ್ಣದ ಗೆರೆ ಎಳೆದೆವು. ಕೆಂಪು ಅದಿರಿನ ಧೂಳು, ಎಣ್ಣೆ ಸೇರಿ ಮಧ್ಯಾಹ್ನದೊಳಗೆ ಗೆರೆ ಮಾಯ. ಚೌಕಟ್ಟಿಗೆ ಸ್ಕೇಲ್ ಕಟ್ಟಿದೆವು. ಅದನ್ನು ಓದಲು ಒಬ್ಬ ಹುಡುಗ ಒತ್ತಡದಲ್ಲಿರುವ ಕೋಲಿನ ಪಕ್ಕ ಮುಖ ಇಟ್ಟು ಕೂರಬೇಕು. ಕೊಕ್ಕೆ ಜಾರಿದರೆ? ಅದನ್ನು ಅವತ್ತೇ ನಿಲ್ಲಿಸಿದೆ.

ಸ್ಕ್ರೂವಿನಲ್ಲಿ ಈ ತಲೆನೋವಿಲ್ಲ. ನನ್ನ ಸೆಟ್ಟಿನ ಸ್ಕ್ರೂ ಒಂದು ಸುತ್ತಿಗೆ 8 ಮಿ.ಮೀ. ಮುಂದೆ ಹೋಗುತ್ತದೆ. ಕಾಲು ಸುತ್ತಿಗೆ 2 ಮಿ.ಮೀ. ಸ್ಕ್ರೂವಿನ ತಲೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಅದರ ಎದುರು ಚೌಕಟ್ಟಿನ ಮೇಲೆ ಇನ್ನೊಂದು. ಮೊದಲ ಸಲ ಒಂದು ಗುರುತಿನವರೆಗೆ ತಂದು ಬಿಡುತ್ತೇವೆ. ದಾರ ನೋಡುತ್ತೇವೆ. ಏನೂ ಉಳಿದಿಲ್ಲವಾ? ಮತ್ತೆ ಅದೇ ಗುರುತಿಗೆ ತಂದು, ಕಾಲು ಸುತ್ತು ಜಾಸ್ತಿ. ಬಿಡು, ನೋಡು. ಒಂದು ಮಿಲಿಮೀಟರ್ ಉಳಿಯಿತಾ? ಇನ್ನು ಮೇಲೆ ಲೆಕ್ಕ ಸಲೀಸು. ಉಕ್ಕು ಒಮ್ಮೆ ಸೋತ ಮೇಲೆ ವಾಪಸ್ ಬರುವ ಪ್ರಮಾಣ ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ. 60 ಕಿಲೋ ಹಳಿಯನ್ನು ಅಡ್ಡಕ್ಕೆ ತಳ್ಳುವಾಗ ನಮ್ಮ ಸೆಟ್ಟಿನಲ್ಲಿ ಅದು ಎರಡು ಮೂರು ಮಿ.ಮೀ. ಅದಕ್ಕಿಂತ ಮೇಲೆ ತಿರುಗಿಸಿದ್ದೆಲ್ಲ ಹಳಿಯಲ್ಲಿ ಉಳಿಯುತ್ತದೆ. ಸ್ಕ್ರೂವಿನ ಇನ್ನೊಂದು ಉಪಕಾರ ಏನೆಂದರೆ, ಕೈ ಬಿಟ್ಟರೂ ಅದು ಇದ್ದಲ್ಲೇ ಇರುತ್ತದೆ. ನೀರು ಕುಡಿದು ಬಂದರೂ ಗುರುತು ಗುರುತೇ. ಹೈಡ್ರಾಲಿಕ್ಕಿನಲ್ಲಿ ಸೀಲ್ ಸ್ವಲ್ಪ ಸವೆದಿದ್ದರೂ ನಾವು ದಾರ ಕಟ್ಟುವಷ್ಟರಲ್ಲಿ ಒತ್ತಡ ಇಳಿಯಲು ಶುರುವಾಗಿರುತ್ತದೆ.

ಸ್ಕ್ರೂವಿಗೂ ಒಂದು ಕಿರಿಕಿರಿ ಇದೆ, ಮುಚ್ಚಿಡುವುದಿಲ್ಲ. ಟ್ರ್ಯಾಕಿನಲ್ಲೇ ಇರುವ ಹಳಿಗೆ ಕಟ್ಟಿದಾಗ ಹಾರೆ ಮೇಲಿನಿಂದ ಕೆಳಕ್ಕೆ ತಿರುಗಬೇಕು. ಕೆಳಗೆ ಜಲ್ಲಿ ಇದೆ, ಸ್ಲೀಪರ್ (ಹಳಿ ಕೂರುವ ಅಡ್ಡ ತೊಲೆ) ಇದೆ. ಪೂರ್ತಿ ಸುತ್ತು ಸಿಗುವುದಿಲ್ಲ. ಕಾಲು ಸುತ್ತು ತಿರುಗಿಸು, ಹಾರೆ ಎಳೆ, ಮೇಲಿನ ತೂತಿಗೆ ಹಾಕು, ಮತ್ತೆ ಕಾಲು ಸುತ್ತು. 60 ಕಿಲೋ ಹಳಿಯಾದರೆ ಹಾರೆಗೆ ಮೂರು ಜನ ತೂಗಬೇಕು. ನಾವು ಎರಡು ಹಾರೆ ಇಟ್ಟುಕೊಂಡಿದ್ದೇವೆ. ಒಂದು ಇಳಿಯುವಾಗ ಇನ್ನೊಂದನ್ನು ಮೇಲಿನ ತೂತಿಗೆ ಹಾಕಿ ತಯಾರಿರುತ್ತೇವೆ. ಎರಡು ಸ್ಲೀಪರ್ ನಡುವಿನ ಜಲ್ಲಿಯನ್ನು ಸ್ವಲ್ಪ ಕೆರೆದರೆ ಇನ್ನೂ ಸಲೀಸು. ಗಜಕ್ಕೆ 90 ಪೌಂಡ್ ತೂಗುವ ಹಳೇ ಹಳಿಗೆ ಇಷ್ಟೆಲ್ಲ ಬೇಕಿಲ್ಲ. ಅದರ ಉಕ್ಕೂ ಮೆದು, ಮೈಯೂ ಸಣ್ಣದು.

ಸ್ಕ್ರೂ ಎಲ್ಲಿ ಸೋಲುತ್ತದೆ ಅಂದರೆ ಮೇಲೆ ಕೆಳಗೆ ಬಾಗಿದ ಹಳಿಯಲ್ಲಿ. ಹಳಿಯನ್ನು ಮಾಡಿರುವುದೇ ಮೇಲಿನ ಭಾರ ತಡೆಯಲು. 60 ಕಿಲೋ ಹಳಿ ಅಡ್ಡಕ್ಕೆ ಬಾಗುವುದಕ್ಕಿಂತ ಮೇಲೆ ಕೆಳಗೆ ಬಾಗಲು ಸುಮಾರು 6 ಪಟ್ಟು ಬಿಗಿ. ಕೈ ಸ್ಕ್ರೂವಿನಲ್ಲಿ ಅದು ಆಗದ ಮಾತು. ಜಾಯಿಂಟಿನ ಹತ್ತಿರ ಹಳಿಯ ತುದಿ ಕೆಳಗೆ ಬಾಗಿದ್ದರೆ ದೊಡ್ಡ ಹೈಡ್ರಾಲಿಕ್ ಬೇಕು, ಇಲ್ಲ ಆ ತುದಿಯನ್ನು ಕತ್ತರಿಸಬೇಕು. ನಮಗೆ ಬರುವ ಕೆಲಸದಲ್ಲಿ ಬಹುಪಾಲು ಅಡ್ಡ ಸೊಟ್ಟವೇ. ನಿಮ್ಮಲ್ಲಿ ಉಲ್ಟಾ ಇದ್ದರೆ ನನ್ನ ಮಾತು ಕೇಳಬೇಡಿ, ಹೈಡ್ರಾಲಿಕ್ ತೊಗೊಳ್ಳಿ.

ಗ್ಯಾಸಿನಲ್ಲಿ ಕಾಯಿಸಿ ಸುತ್ತಿಗೆಯಿಂದ ಬಡಿಯುವ ವಿಧಾನವೂ ಕೆಲವು ಕಡೆ ಇದೆ. ಒಂದು ಪೈಸೆಯ ಉಪಕರಣವೂ ಬೇಡ ಅಂತ ಅದನ್ನು ಹೊಗಳುತ್ತಾರೆ. ದಯವಿಟ್ಟು ಮಾಡಬೇಡಿ. 880 ದರ್ಜೆಯ ಉಕ್ಕಿನ ಹಳಿಯಲ್ಲಿ ಕಾರ್ಬನ್ ಶೇ. 0.60ರಿಂದ 0.80ರವರೆಗೆ ಇರುತ್ತದೆ. ಅದನ್ನು ಕೆಂಪಗೆ ಕಾಯಿಸಿದ ಮೇಲೆ ಬೇಗ ತಣಿದರೆ ಆ ಜಾಗ ಗಾಜಿನ ಥರ ಗಟ್ಟಿಯಾಗಿ, ಗಾಜಿನ ಥರವೇ ಸಿಡಿಯುವ ಗುಣಕ್ಕೆ ಬರುತ್ತದೆ. ಹೊರಗಿನಿಂದ ನೋಡಿದರೆ ಹಳಿ ನೇರವಾಗಿದೆ, ಚೆನ್ನಾಗಿದೆ. ತುಂಬಿದ ಬಾಕ್ಸ್‌ಎನ್ (ಮೇಲ್ಭಾಗ ತೆರೆದ) ವ್ಯಾಗನ್ ಹಾಯುವಾಗ ಅಲ್ಲಿಂದಲೇ ಬಿರುಕು ಬಿಡುತ್ತದೆ. ಹಳಿಯ ಪಕ್ಕ ನಡೆದು ಬ್ರೇಕ್ ಚೆಕ್ ಮಾಡುವ ಜನ ಇರುವ ಜಾಗ ಅದು.

ರಿಪೇರಿ ವಿಷಯ. ಸ್ಕ್ರೂವಿನ ಹಲ್ಲು ಸವೆದರೆ ಹೊಸಪೇಟೆಯ ಲೇತ್ ಅಂಗಡಿಯಲ್ಲೇ ಹೊಸದು ಕಡೆಸಬಹುದು. ಗನ್‌ಮೆಟಲ್ ನಟ್ ಹಾಕಿಸಿದರೆ ಇನ್ನೂ ಬಾಳುತ್ತದೆ. ಹೈಡ್ರಾಲಿಕ್ಕಿನ ಸೀಲ್ ಕಿಟ್ ಬೆಂಗಳೂರಿನಿಂದ ಬರುವವರೆಗೆ ಯಂತ್ರ ಶೆಡ್ಡಿನಲ್ಲಿ ಮಲಗಿತ್ತು.

ಧೂಳಿಗೆ ಎರಡೂ ಒಂದೇ. ಸ್ಕ್ರೂವನ್ನು ಡೀಸೆಲ್ ಬಟ್ಟೆಯಲ್ಲಿ ಒರೆಸಿ ಗ್ರೀಸ್ ಹಚ್ಚಿದರೆ ಮುಗಿಯಿತು, ಅಷ್ಟೇ ವ್ಯತ್ಯಾಸ.

ಯಾವುದನ್ನೇ ಕೊಂಡರೂ ತಳ್ಳುವ ಕೋಲಿನ ತುದಿಯ ಬ್ಲಾಕ್ ಗಮನಿಸಿ. ಇದನ್ನು ಅಂಗಡಿಯವರು ಹೇಳುವುದಿಲ್ಲ. ಬ್ಲಾಕ್ ಹಳಿಯ ತಲೆಗೆ ಮಾತ್ರ ತಾಗಿ ಪಾದಕ್ಕೆ (ಕೆಳಗಿನ ಅಗಲ ಭಾಗಕ್ಕೆ) ತಾಗದಿದ್ದರೆ ತಲೆ ಸರಿಯುತ್ತದೆ, ಪಾದ ಹಿಂದೆಯೇ ಉಳಿಯುತ್ತದೆ. ಹಳಿ ತಿರುಚಿಕೊಳ್ಳುತ್ತದೆ. ಸೊಟ್ಟವನ್ನಾದರೂ ತೆಗೆಯಬಹುದು, ತಿರುಚಿದ್ದನ್ನು ಯಾರ್ಡಿನಲ್ಲಿ ಕೂತು ತೆಗೆಯುವುದು ಕಷ್ಟ. 52 ಕಿಲೋ ಹಳಿಯ ಎತ್ತರ 156 ಮಿ.ಮೀ., 60 ಕಿಲೋದ್ದು 172. ಒಂದೇ ಬ್ಲಾಕ್ ಎರಡಕ್ಕೂ ಸರಿಯಾಗಿ ಕೂರುವುದಿಲ್ಲ. ಬಾಡಿಗೆ ಯಂತ್ರದ ಜೊತೆ ಒಂದೇ ಬ್ಲಾಕ್ ಬಂದಿತ್ತು. ನನ್ನ ಸ್ಕ್ರೂ ಸೆಟ್ಟಿಗೆ ಎರಡು ಬ್ಲಾಕ್ ಕೇಳಿ ಮಾಡಿಸಿಕೊಂಡೆ. ಕೊಕ್ಕೆಗೂ ಇದೇ ಮಾತು. ಹಳಿಯ ತಲೆ, ಪಾದ ಎರಡನ್ನೂ ಅಪ್ಪಿ ಹಿಡಿಯಬೇಕು. ತುದಿಯಲ್ಲಿ ಕಚ್ಚಿಕೊಂಡು ನೇತಾಡಬಾರದು.

ಕೆಲಸ ಮಾಡುವ ರೀತಿಯೂ ಮುಖ್ಯ. ಸೊಟ್ಟ ಇರುವ ಕಡೆ ಅಕ್ಕಪಕ್ಕದ ನಾಲ್ಕಾರು ಸ್ಲೀಪರಿನಲ್ಲಿ ಹಳಿ ಹಿಡಿದಿಡುವ ಕ್ಲಿಪ್ ಬಿಚ್ಚಿ. ಇಲ್ಲದಿದ್ದರೆ ಹಳಿಯ ಬದಲು ಸ್ಲೀಪರ್ ಸರಿಯುತ್ತದೆ, ಗೇಜ್ (ಎರಡು ಹಳಿಗಳ ನಡುವಿನ ಅಂತರ) ಕೆಡುತ್ತದೆ. ಇಡೀ ಸೊಟ್ಟವನ್ನು ಒಂದೇ ಜಾಗದಲ್ಲಿ ಒತ್ತಿ ತೆಗೆಯಲು ಹೋಗಬೇಡಿ. ನಡುವೆ ನೇರವಾಗಿ, ಎರಡು ಪಕ್ಕ ಗಂಟು ಉಳಿಯುತ್ತದೆ. ಜಿಮ್ ಕ್ರೋವನ್ನು ಗೇಣು ಗೇಣು ಸರಿಸುತ್ತ, ಪ್ರತಿ ಜಾಗದಲ್ಲೂ ಸ್ವಲ್ಪ ಸ್ವಲ್ಪ ತೆಗೆಯಿರಿ. ಹೈಡ್ರಾಲಿಕ್ ಬೇಗ ಒತ್ತುತ್ತದೆ ಅನ್ನುವ ಕಾರಣಕ್ಕೇ ಹುಡುಗರು ಒಂದೇ ಕಡೆ ಜಾಸ್ತಿ ಒತ್ತಿಬಿಡುತ್ತಾರೆ. ಸ್ಕ್ರೂವಿನಲ್ಲಿ ಆ ಅವಸರಕ್ಕೆ ಅವಕಾಶ ಕಡಿಮೆ.

ದುಡ್ಡಿನ ಲೆಕ್ಕ. ನನಗೆ ಸಿಕ್ಕ ದರದಲ್ಲಿ ಒಂದು ಒಳ್ಳೆಯ ಹೈಡ್ರಾಲಿಕ್ಕಿನ ಬೆಲೆಗೆ ಎರಡು ಸ್ಕ್ರೂ ಸೆಟ್ ಬರುತ್ತಿತ್ತು, ಮೇಲೆ ಚಿಲ್ಲರೆಯೂ ಉಳಿಯುತ್ತಿತ್ತು. ನಮ್ಮದು ಒಂದು ರೇಕ್ ಹೋಗಿ ಇನ್ನೊಂದು ಬರುವ ನಡುವೆ ಒಂದೋ ಎರಡೋ ಸೊಟ್ಟ ತೆಗೆಯುವ ಕೆಲಸ. ಹೊರಲು ಕೈಗಳಿವೆ, ದಾರ ನೋಡುವ ಮೇಟ್ ಇದ್ದಾರೆ. ಅದಕ್ಕೆ ಸ್ಕ್ರೂ ಸಾಕು, ಸಾಕಷ್ಟೇ ಅಲ್ಲ, ಅದೇ ಸರಿ. ಇಬ್ಬರೇ ಇರುವ ಸಣ್ಣ ತಂಡವಾದರೆ, ಅಥವಾ ಡಿಪೋದಲ್ಲಿ ರಾಶಿ ಹಳಿ ನೇರ ಮಾಡುವ ಗುತ್ತಿಗೆ ಸಿಕ್ಕರೆ ಹೈಡ್ರಾಲಿಕ್ ತಂದುಕೊಳ್ಳಿ. ಕೊಳ್ಳುವ ಬದಲು ಬಾಡಿಗೆಗೆ ತನ್ನಿ. ತರುವ ಮುಂಚೆ ಅಂಗಡಿಯಲ್ಲೇ ಒಂದು ತುಂಡು ಹಳಿಗೆ ಕಟ್ಟಿ ಒತ್ತಡ ಏರಿಸಿ, ಒಂದು ಟೀ ಕುಡಿಯುವಷ್ಟು ಹೊತ್ತು ಹಾಗೇ ಬಿಡಿ. ಮುಳ್ಳು ಇಳಿದಿದ್ದರೆ ಬೇರೆ ಯಂತ್ರ ಕೇಳಿ.