ಕುಮಟೆಯ ಉಪ್ಪುಗಾಳಿಯಲ್ಲಿ ಹಳೆಯ ಕ್ಯಾಸೆಟ್ ಡೆಕ್: ದೀರ್ಘ ಬಳಕೆಯ ಅನುಭವ

ಇದು ಎಂಬತ್ತರ ದಶಕದ ಜಪಾನಿ ಡೆಕ್, ಎರಡು ಹೆಡ್‌ಗಳದ್ದು (ಹೆಡ್ ಎಂದರೆ ಟೇಪು ತಾಗಿ ಸಾಗುವ, ಧ್ವನಿಯನ್ನು ಓದುವ, ಬರೆಯುವ ಇಲ್ಲವೇ ಅಳಿಸುವ ಭಾಗ). ಊರಿನ ತಾಳಮದ್ದಳೆಗಳನ್ನು ಅಪ್ಪ ಸಣ್ಣ ರೆಕಾರ್ಡರಿನಲ್ಲಿ ತುಂಬಿಸಿಟ್ಟ ಕ್ಯಾಸೆಟ್‌ಗಳಿಗಾಗಿ ಇದನ್ನು ಉಳಿಸಿಕೊಂಡಿದ್ದೇನೆ. ಅವುಗಳ ಎರಡನೆಯ ಪ್ರತಿ ಎಲ್ಲಿಯೂ ಇಲ್ಲ.

ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ಯಂತ್ರ ಬಳಕೆಯಿಂದ ಸವೆಯುವುದಕ್ಕಿಂತ ಸುಮ್ಮನೆ ಕುಳಿತೇ ಹೆಚ್ಚು ಕೆಡುತ್ತದೆ. ನಮ್ಮ ಡೆಕ್ಕಿನ ರಬ್ಬರ್ ಬೆಲ್ಟ್ ಕರಗಿ ಡಾಂಬರಿನಂತೆ ಪುಲ್ಲಿಗೆ, ಅಂದರೆ ಬೆಲ್ಟ್ ಸುತ್ತುವ ಗಾಲಿಗೆ, ಅಂಟಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಅದನ್ನು ಪೂರ್ತಿ ತೆಗೆಯದೆ ಹೊಸ ಬೆಲ್ಟ್ ಹಾಕಬಾರದು. ಉಳಿದ ಕಪ್ಪು ಅಂಟಿನಿಂದ ಅದೂ ಜಾರುತ್ತದೆ. ಹಳೆಯ ಬೆಲ್ಟ್ ಅಳತೆಗೆ ಸಿಗದಿದ್ದರೆ ಪುಲ್ಲಿಗಳ ಸುತ್ತ ದಾರ ಹಾಯಿಸಿ ಅಳೆದು, ಅದಕ್ಕಿಂತ ತುಸು ಚಿಕ್ಕದನ್ನು ತರಿಸಿಕೊಳ್ಳಬೇಕು. ಹೆಡ್ ಮತ್ತು ಕ್ಯಾಪ್‌ಸ್ಟನ್ (ಟೇಪನ್ನು ಸಮವೇಗದಲ್ಲಿ ಎಳೆಯುವ ಲೋಹದ ಕಡ್ಡಿ) ಒರೆಸಲೂ ಅದೇ ಆಲ್ಕೋಹಾಲ್ ಸಾಕು. ಟೇಪನ್ನು ಆ ಕಡ್ಡಿಗೆ ಒತ್ತಿ ಹಿಡಿಯುವ ಪಿಂಚ್ ರೋಲರಿನ ರಬ್ಬರಿಗೆ ಮಾತ್ರ ನಾನು ಸೋಪಿನ ನೀರನ್ನೇ ಬಳಸುತ್ತೇನೆ.

ಬೆಲ್ಟ್ ಬದಲಿಸಿದ ಮೇಲೆ ವೇಗವನ್ನು ಸರಿಪಡಿಸಲೇಬೇಕು. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಸಾಗಬೇಕು. ಶೇಕಡಾ 6ರಷ್ಟು ಹೆಚ್ಚಾದರೆ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಬಿಳಿ ಒಂದರ ಶ್ರುತಿ ಕಪ್ಪು ಒಂದಕ್ಕೆ ಏರುತ್ತದೆ; ಭಾಗವತರು ಹಾಡಿದ ಶ್ರುತಿಯೇ ಸುಳ್ಳಾಗುತ್ತದೆ. 3,150 ಹರ್ಟ್ಜ್ ಪರೀಕ್ಷಾ ಕ್ಯಾಸೆಟ್ ಹಾಕಿ, ಮೊಬೈಲಿನಲ್ಲಿ ಆವರ್ತನ ನೋಡುತ್ತಾ, ಮೋಟಾರಿನ ಹಿಂದಿನ ಸಣ್ಣ ರಂಧ್ರದೊಳಗಿನ ಸ್ಕ್ರೂವನ್ನು ಕೂದಲೆಳೆಯಷ್ಟೇ ತಿರುಗಿಸಿದೆ. ಎಲ್ಲ ಮೋಟಾರುಗಳಲ್ಲಿ ಈ ಸ್ಕ್ರೂ ಇರುವುದಿಲ್ಲ.

ಹೆಡ್ಡಿನ ಓರೆಯ ವಿಷಯಕ್ಕೆ ಬಂದರೆ, ನನಗೆ ಈ ಕೆಲಸದಲ್ಲಿ ಅತ್ಯಂತ ಪ್ರಿಯವಾದದ್ದು ಇದೇ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಯಾವ ಕೋನದಲ್ಲಿತ್ತೋ ಅದೇ ಕೋನದಲ್ಲಿ ನಮ್ಮ ಹೆಡ್ಡೂ ನಿಲ್ಲದಿದ್ದರೆ ಮೇಲಿನ ಸ್ವರಗಳು ಮಂಕಾಗುತ್ತವೆ. ಹೆಡ್ಡಿನ ಪಕ್ಕದ ಸ್ಪ್ರಿಂಗ್ ಸ್ಕ್ರೂವಿನ ಮೂಲ ಸ್ಥಾನವನ್ನು ಗುರುತಿಸಿಕೊಂಡು, ಎಡ, ಬಲ ಎರಡೂ ಚಾನೆಲ್ಲಿನ ಧ್ವನಿಯನ್ನು ಒಂದಾಗಿ (ಮೋನೊ) ಸೇರಿಸಿ, ನಿಧಾನವಾಗಿ ತಿರುಗಿಸುತ್ತೇನೆ. ಮಂಜು ಕವಿದಂತಿದ್ದ ಮದ್ದಳೆಯ ಪೆಟ್ಟು ಒಂದು ಬಿಂದುವಿನಲ್ಲಿ ಥಟ್ಟನೆ ಬಿಡಿಸಿಕೊಳ್ಳುತ್ತದೆ, ಅರ್ಥಧಾರಿಯ ಸಕಾರ, ಶಕಾರಗಳು ಬೇರೆ ಬೇರೆಯಾಗಿ ಕೇಳಿಸುತ್ತವೆ. ಆಗ ಆಗುವ ಸಂತೋಷ ಹೊಸ ಸ್ಪೀಕರ್ ಕೊಂಡರೂ ಸಿಗದು. ಅಪ್ಪನ ಆ ಸಣ್ಣ ರೆಕಾರ್ಡರಿನಲ್ಲಿ ಡಾಲ್ಬಿ (ಟೇಪಿನ ಸುಯ್ಯೆನ್ನುವ ಸದ್ದು ತಗ್ಗಿಸುವ ವ್ಯವಸ್ಥೆ) ಇರಲಿಲ್ಲ. ಹಾಗಾಗಿ ಡೆಕ್ಕಿನ ಡಾಲ್ಬಿ ಗುಂಡಿಯನ್ನು ಆರಿಸಿಯೇ ಕೇಳಬೇಕು.

ಬೂಷ್ಟು ಹಿಡಿದ ಕ್ಯಾಸೆಟನ್ನು ದಯವಿಟ್ಟು ನೇರವಾಗಿ ಡೆಕ್ಕಿಗೆ ಹಾಕಬೇಡಿ. ಬೂಷ್ಟು ಹೆಡ್ಡಿಗೂ ರೋಲರಿಗೂ ಅಂಟಿ ಮುಂದಿನ ಕ್ಯಾಸೆಟಿಗೂ ಹರಡುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿಟ್ಟು ಒಣಗಿಸಿ, ನಂತರ ಸುರುಳಿಗಳನ್ನು ಸ್ಕ್ರೂ ಇರುವ ಬೇರೆ ಕವಚಕ್ಕೆ ದಾಟಿಸಿ, ಟೇಪನ್ನು ಒಣ ಮೆತ್ತನೆ ಬಟ್ಟೆಯ ನಡುವೆ ಹಾಯಿಸುತ್ತಾ ಕೈಯಿಂದ ಸುತ್ತಿ. ಆಗಲೇ ಒತ್ತು ಪಟ್ಟಿಯ ಪುಟ್ಟ ಫೆಲ್ಟ್ ಉದುರಿದೆಯೇ ಎಂದೂ ನೋಡಿ. ಅದಿಲ್ಲದೆ ಟೇಪು ಹೆಡ್ಡಿಗೆ ಸರಿಯಾಗಿ ತಾಗುವುದಿಲ್ಲ.

ಡೆಕ್ಕಿನ ಬಗ್ಗೆ ನನ್ನ ತೀರ್ಪು: ಸ್ವಂತ ರೆಕಾರ್ಡಿಂಗ್ ಇರುವವರು ಖಂಡಿತ ಇಟ್ಟುಕೊಳ್ಳಿ, ವಾರಕ್ಕೊಮ್ಮೆ ಓಡಿಸಿ, ಬೇಗ ಕಂಪ್ಯೂಟರಿಗೆ ದಾಟಿಸಿ. ಬರೀ ಹಳೆಯ ಹಾಡಿನ ಆಸೆಗೆ ಈ ಊರಿನಲ್ಲಿ ಇಷ್ಟು ಆರೈಕೆ ಬೇಡ. ನಮ್ಮದರಲ್ಲಿ ಈಗ ರಿವೈಂಡ್ ಕೊನೆಯ ಸುತ್ತುಗಳಲ್ಲಿ ಸೋಲುತ್ತಿದೆ. ಮಳೆ ಹಿಡಿಯುವ ಮುನ್ನ ಐಡ್ಲರಿನ, ಅಂದರೆ ಸುರುಳಿಯನ್ನು ತಿರುಗಿಸುವ ಗಾಲಿಯ, ರಬ್ಬರ್ ಬಳೆ ಬದಲಿಸಬೇಕಾಗಿದೆ.