ನಕ್ಷೆಯಲ್ಲಿ ಎರಡು ದಾರಿ, ನೆಲದಡಿಯಲ್ಲಿ ಒಂದೇ ಟ್ರೆಂಚ್: ಫೈಬರ್ ಜಾಲದ ನಕ್ಷೆಗಳನ್ನು ತಂತ್ರಾಂಶದಿಂದ ಬರೆಸುವವರಿಗೆ ಒಂದು ಎಚ್ಚರಿಕೆ

ಜಿಐಎಸ್‌ನಲ್ಲಿ (ಸ್ಥಳಗಳ ಸಮೇತ ಮಾಹಿತಿಯನ್ನು ಇಡುವ ಗಣಕ ವ್ಯವಸ್ಥೆಯಲ್ಲಿ) ಸಂಗ್ರಹಿಸಿಟ್ಟ ಕೇಬಲ್ ಮಾಹಿತಿಯಿಂದ, ಅಳತೆ ಬಿಟ್ಟು ಸಂಪರ್ಕಗಳನ್ನಷ್ಟೇ ತೋರಿಸುವ ಸ್ಕೀಮ್ಯಾಟಿಕ್ ನಕ್ಷೆಗಳನ್ನು ತಂತ್ರಾಂಶವೇ ಬರೆದುಕೊಡುವಂಥ ವ್ಯವಸ್ಥೆಯನ್ನು ನಾನು ಕೆಲಸ ಮಾಡುವ ದೂರಸಂಪರ್ಕ ಸಂಸ್ಥೆಯಲ್ಲಿ ನಾನೇ ಮುಂದೆ ನಿಂತು ರೂಪಿಸಿದ್ದೆ. ಆ ನಕ್ಷೆಗಳು ಓದಲು ಸುಲಭವಾಗಿದ್ದವು, ಎಲ್ಲರ ಮೆಚ್ಚುಗೆಯನ್ನೂ ಪಡೆದಿದ್ದವು. ಆದರೆ ಒಂದು ಮಳೆಗಾಲದ ರಾತ್ರಿ ಅವುಗಳಲ್ಲೊಂದನ್ನು ನಂಬಿ ನಾವು ಎರಡೂವರೆ ಗಂಟೆಯನ್ನು ತಪ್ಪು ಜಾಗದಲ್ಲಿ ಕಳೆದೆವು. ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಅದಕ್ಕೆ ಮೊದಲಿನ ಒಂದೂವರೆ ವರ್ಷದುದ್ದಕ್ಕೂ ಆ ನಕ್ಷೆ ನಮ್ಮಿಂದ ಒಂದು ಅಪಾಯವನ್ನು ಮರೆಮಾಡಿತ್ತು. ಇಂಥದೇ ಕೆಲಸಕ್ಕೆ ಕೈಹಾಕಿರುವವರು ತಮ್ಮ ನಕ್ಷೆಗಳನ್ನು ಈಗಲೇ ಒಮ್ಮೆ ಪರಿಶೀಲಿಸಿಕೊಳ್ಳಲಿ ಎಂಬ ಕಾರಣಕ್ಕೆ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಂಗಳೂರು ಮತ್ತು ಹಾಸನದ ನಡುವೆ ನಮ್ಮದೊಂದು ಫೈಬರ್ ರಿಂಗ್, ಅಂದರೆ ಎರಡು ದಾರಿಗಳಲ್ಲಿ ಬಳೆಯಂತೆ ಸುತ್ತಿ ಸೇರುವ ಕೇಬಲ್ ಜಾಲ, ಇದೆ. ಅದರ ಒಂದು ತೋಳು ಉಪ್ಪಿನಂಗಡಿ, ಗುಂಡ್ಯ, ಶಿರಾಡಿ ಘಾಟಿ, ಸಕಲೇಶಪುರದ ಮೂಲಕ ಹಾಸನವನ್ನು ಸೇರುತ್ತದೆ. ಇನ್ನೊಂದು ಬೆಳ್ತಂಗಡಿ, ಚಾರ್ಮಾಡಿ ಘಾಟಿ, ಕೊಟ್ಟಿಗೆಹಾರ, ಮೂಡಿಗೆರೆ, ಬೇಲೂರಿನ ಮೂಲಕ ಬರುತ್ತದೆ. ಒಂದು ತೋಳು ಕಡಿದರೆ ಸುಮಾರು 50 ಮಿಲಿಸೆಕೆಂಡಿನಲ್ಲಿ ಸಂಚಾರವೆಲ್ಲ ಇನ್ನೊಂದಕ್ಕೆ ಹೊರಳುತ್ತದೆ, ಗ್ರಾಹಕರಿಗೆ ಅದು ಗೊತ್ತೂ ಆಗುವುದಿಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಎರಡು ಘಾಟಿಗಳನ್ನು ದಾಟಬೇಕಾದ ಜಾಲಕ್ಕೆ ಇದಕ್ಕಿಂತ ಒಳ್ಳೆಯ ರಕ್ಷಣೆಯಿಲ್ಲ. ಆದರೆ ಎರಡು ತೋಳುಗಳೂ ನಿಜವಾಗಿ ಬೇರೆಬೇರೆ ಇದ್ದರೆ ಮಾತ್ರ ಅದು ರಕ್ಷಣೆ.

ಮೊದಲು ನಮ್ಮ ನಕ್ಷೆಗಳನ್ನು ಕೈಯಲ್ಲೇ ಬರೆಯಲಾಗುತ್ತಿತ್ತು. ಒಂದು ಜಾಯಿಂಟ್ (ಕೇಬಲ್‌ಗಳನ್ನು ಬೆಸೆದ ಜಾಗ) ಬದಲಾದರೆ ಮೂರು ಹಾಳೆಗಳನ್ನು ತಿದ್ದಬೇಕಿತ್ತು, ಯಾವ ಹಾಳೆ ಹೊಸದು ಎಂಬ ಬಗ್ಗೆ ಪ್ರತಿ ಸಲವೂ ಗೊಂದಲವಾಗುತ್ತಿತ್ತು. ಇದನ್ನು ತಪ್ಪಿಸಲು ಜಿಐಎಸ್‌ನ ಸಂಪರ್ಕ ಮಾಹಿತಿಯನ್ನು ಆಧರಿಸಿ ಒಂದು ಟೆಂಪ್ಲೇಟ್ ತಯಾರಿಸಿದೆವು. ಅದರಲ್ಲಿ ಮೂರು ನಿಯಮಗಳಿದ್ದವು. ಕೇವಲ ಎರಡು ಕಡೆ ಕೇಬಲ್ ಸೇರುವ ಜಾಯಿಂಟುಗಳನ್ನೂ ಅವುಗಳನ್ನಿಡುವ ನೆಲದಡಿಯ ಚೇಂಬರುಗಳನ್ನೂ ತೆಗೆದುಹಾಕಿ ಉಳಿದ ಉಪಕರಣಗಳ ನಡುವೆ ನೇರವಾಗಿ ಒಂದೇ ಗೆರೆ ಎಳೆಯಬೇಕು. ಒಂದು ಕಟ್ಟಡದೊಳಗಿನ ಉಪಕರಣಗಳನ್ನೆಲ್ಲ ಒಂದು ಚೌಕದಲ್ಲಿ ಮಡಚಬೇಕು. ಕೊನೆಗೆ, ಗೆರೆಗಳು ಒಂದರ ಮೇಲೊಂದು ಹಾಯದಂತೆ ಎಲ್ಲವನ್ನೂ ಹರಡಿ ಜೋಡಿಸಬೇಕು. ಸಾವಿರಾರು ಬಿಂದುಗಳಿದ್ದ ಗೋಜಲು ಹೀಗೆ ಒಂದೇ ಹಾಳೆಗಿಳಿಯಿತು. ಮಂಗಳೂರು ಎಡಕ್ಕೆ, ಹಾಸನ ಬಲಕ್ಕೆ, ನಡುವೆ ದುಂಡಗಿನ ಬಳೆಯಂಥ ರಿಂಗ್: ಮೇಲಿನ ಅರ್ಧ ಚಾರ್ಮಾಡಿ, ಕೆಳಗಿನ ಅರ್ಧ ಶಿರಾಡಿ.

ಅದು ಜುಲೈ ತಿಂಗಳ ಒಂದು ರಾತ್ರಿ. 11 ಗಂಟೆ 20 ನಿಮಿಷಕ್ಕೆ ಎರಡು ತೋಳುಗಳೂ ಒಟ್ಟಿಗೇ ಸತ್ತವು. ನಮ್ಮ ನಿಯಂತ್ರಣ ಕೊಠಡಿ ಬೆಂಗಳೂರಿನಲ್ಲಿದೆ. ಅಲ್ಲಿದ್ದವರು ಪರದೆಯ ಮೇಲಿನ ನಕ್ಷೆಯನ್ನು ನೋಡಿ ಯಾರೇ ಆದರೂ ಮಾಡಬಹುದಾದ ಊಹೆಯನ್ನೇ ಮಾಡಿದರು: ಅಷ್ಟು ದೂರದ ಎರಡು ಕೇಬಲ್‌ಗಳು ಒಂದೇ ಕ್ಷಣದಲ್ಲಿ ತುಂಡಾಗಲು ಸಾಧ್ಯವಿಲ್ಲ, ಆದ್ದರಿಂದ ದೋಷವಿರುವುದು ಅವೆರಡೂ ಸೇರುವ ತುದಿಯಲ್ಲಿ, ಅಂದರೆ ಹಾಸನದ ಅಥವಾ ಮಂಗಳೂರಿನ ಉಪಕರಣದಲ್ಲಿ. ಹಾಸನದಲ್ಲಿ ಮಲಗಿದ್ದ ಇಂಜಿನಿಯರನ್ನು ಎಬ್ಬಿಸಿ ಕಳುಹಿಸಿದರು, ವಿದ್ಯುತ್ ಪರೀಕ್ಷಿಸಿದರು, ಒಂದು ಕಾರ್ಡನ್ನೇ ಬದಲಿಸಿದರು. ಬೆಳಗಿನ ಜಾವ ಎರಡರ ಹೊತ್ತಿಗೆ ಮಂಗಳೂರಿನ ತುದಿಯಿಂದ ಓಟಿಡಿಆರ್ (ಬೆಳಕು ಹಾಯಿಸಿ ಫೈಬರ್ ಎಷ್ಟು ದೂರದಲ್ಲಿ ಕಡಿದಿದೆಯೆಂದು ಅಳೆಯುವ ಉಪಕರಣ) ಹಾಕಿ ನೋಡಿದಾಗ ಶಿರಾಡಿಯ ಫೈಬರ್ 13.4 ಕಿಲೋಮೀಟರಿನಲ್ಲಿ ಕಡಿದಿದೆ ಎಂದು ಬಂತು, ಚಾರ್ಮಾಡಿಯ ಫೈಬರ್ 13.6 ಕಿಲೋಮೀಟರಿನಲ್ಲಿ.

ಆ ಎರಡು ಅಂಕಿಗಳನ್ನು ಫೋನಿನಲ್ಲಿ ಕೇಳಿದ ಕೂಡಲೇ ಕೇಬಲ್ ಬೆಸೆಯುವ ನಮ್ಮ ಹಿರಿಯ ಜಾಯಿಂಟರ್ ಒಬ್ಬರು ಹೇಳಿದರು: "ಸರ್, ಅದು ಫರಂಗಿಪೇಟೆಯ ಹತ್ತಿರ. ಬಿ.ಸಿ.ರೋಡಿನವರೆಗೆ ಎರಡೂ ಒಂದೇ ಟ್ರೆಂಚಿನಲ್ಲಿ ಹೋಗಿವೆಯಲ್ಲ, ಕೇಬಲ್ ಎಳೆಯುವಾಗ ನಾನೇ ಇದ್ದೆ."

ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶಿರಾಡಿಗೆ ಹೋಗುವವರೂ ಚಾರ್ಮಾಡಿಗೆ ಹೋಗುವವರೂ ಮಂಗಳೂರಿನಿಂದ ಸುಮಾರು 25 ಕಿಲೋಮೀಟರು ಒಂದೇ ಹೆದ್ದಾರಿಯಲ್ಲಿ ಸಾಗಿ, ಬಿ.ಸಿ.ರೋಡಿನಲ್ಲಿ ಬೇರೆಯಾಗುತ್ತಾರೆ. ಕೇಬಲ್‌ಗಳು ಹೋದದ್ದೂ ಹಾಗೆಯೇ. ಮುರಕಲ್ಲಿನ ನೆಲದಲ್ಲಿ ಟ್ರೆಂಚ್ ತೋಡುವುದು ಕಷ್ಟದ, ದುಬಾರಿಯ ಕೆಲಸವಾದ್ದರಿಂದ ಒಮ್ಮೆ ತೋಡಿದ ಟ್ರೆಂಚಿನಲ್ಲೇ ಎರಡು ಎಚ್‌ಡಿಪಿಇ ಡಕ್ಟುಗಳನ್ನು (ಕೇಬಲ್ ಹಾಯುವ ಪ್ಲಾಸ್ಟಿಕ್ ಕೊಳವೆಗಳನ್ನು) ಮಲಗಿಸಿದ್ದರು. ರಸ್ತೆ ಕಾಮಗಾರಿಯ ಜೆಸಿಬಿಯೊಂದು ಎರಡನ್ನೂ ಒಂದೇ ಏಟಿಗೆ ಕಿತ್ತಿತ್ತು. ನಾನು ವಾರಕ್ಕೊಮ್ಮೆಯಾದರೂ ಓಡಾಡುವ ರಸ್ತೆ ಅದು. ಆದರೂ ಒಂದೂವರೆ ವರ್ಷ ಆ ನಕ್ಷೆಯನ್ನು ನೋಡುತ್ತ ಕುಳಿತಾಗ ಅದು ನನಗೆ ಹೊಳೆಯಲಿಲ್ಲ, ಏಕೆಂದರೆ ಬಿ.ಸಿ.ರೋಡ್ ಎಂಬ ಹೆಸರೇ ಆ ನಕ್ಷೆಯಲ್ಲಿ ಇರಲಿಲ್ಲ. ಅಲ್ಲಿ ನಮ್ಮ ಉಪಕರಣ ಯಾವುದೂ ಇಲ್ಲ, ಇರುವುದು ಎರಡು ಕಡೆ ಕೇಬಲ್ ಸೇರುವ ಜಾಯಿಂಟುಗಳು ಮಾತ್ರ. ಮೊದಲ ನಿಯಮ ಅವುಗಳನ್ನು ಅಳಿಸಿಹಾಕಿತ್ತು.

ನೀರು ತುಂಬಿದ ಗುಂಡಿಯಿಂದ ಕೇಬಲ್ ತುದಿಗಳನ್ನು ಎತ್ತಿ, ಬಳಕೆಯಲ್ಲಿದ್ದ ಫೈಬರುಗಳನ್ನು ಮೊದಲು ಬೆಸೆದು ಸಂಪರ್ಕ ಮರಳಿಸುವಾಗ ಬೆಳಗ್ಗೆ ಆರೂವರೆಯಾಗಿತ್ತು. ಆ ಏಳು ಗಂಟೆಗಳಲ್ಲಿ ಈ ರಿಂಗನ್ನೇ ನಂಬಿದ್ದ ಟವರುಗಳು ಸುಮ್ಮನಾಗಿದ್ದವು. ಘಟ್ಟದ ಬುಡದ ಹಳ್ಳಿಗಳಲ್ಲಿ ಅಂಥ ಮಳೆಯ ರಾತ್ರಿ 108ಕ್ಕೆ ಕರೆ ಹೋಗದಿದ್ದರೆ ಏನಾಗಬಹುದಿತ್ತು ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ತಪ್ಪು ಎಲ್ಲಿ ನಡೆಯಿತೆಂದು ಹುಡುಕಿದಾಗ ತಂತ್ರಾಂಶದಲ್ಲಿ ದೋಷವೇನೂ ಕಾಣಲಿಲ್ಲ. ನಾವು ಹೇಳಿದ್ದನ್ನೇ ಅದು ಮಾಡಿತ್ತು, ಮತ್ತು ಅಪಾಯವಿರುವುದು ಅಲ್ಲಿಯೇ. ಬಿಂದುಗಳನ್ನು ಹರಡುವ ವಿಧಾನಗಳಲ್ಲಿ ಬಹಳ ಬಳಕೆಯಲ್ಲಿರುವುದು ಬಲಗಳ ಹೋಲಿಕೆಯ ಮೇಲೆ ನಿಂತದ್ದು. 1984ರಲ್ಲಿ ಗಣಕ ವಿಜ್ಞಾನಿ ಪೀಟರ್ ಈಡ್ಸ್ ಮಂಡಿಸಿದ ರೂಪದಲ್ಲಿ, ಸಂಪರ್ಕವಿರುವ ಬಿಂದುಗಳ ನಡುವೆ ಸ್ಪ್ರಿಂಗ್ ಇದೆಯೆಂದೂ ಸಂಪರ್ಕವಿಲ್ಲದ ಬಿಂದುಗಳು ಒಂದನ್ನೊಂದು ದೂರ ತಳ್ಳುತ್ತವೆಯೆಂದೂ ಭಾವಿಸಿ, ಎಲ್ಲವೂ ನೆಲೆಗೊಳ್ಳುವವರೆಗೆ ಲೆಕ್ಕ ನಡೆಯುತ್ತದೆ. ಈಗ ನಮ್ಮ ಎರಡು ಕೇಬಲ್‌ಗಳನ್ನು ನೆನೆಯಿರಿ. ಒಂದೇ ಟ್ರೆಂಚಿನಲ್ಲಿ ಒಂದು ಗೇಣಿನ ಅಂತರದಲ್ಲಿ ಮಲಗಿದ್ದರೂ ಅವುಗಳ ಫೈಬರುಗಳು ದಾರಿಯಲ್ಲಿ ಎಲ್ಲಿಯೂ ಪರಸ್ಪರ ಸೇರುವುದಿಲ್ಲ. ಸಂಪರ್ಕವಿಲ್ಲದ ಕಾರಣಕ್ಕೇ ಅವು ಒಂದನ್ನೊಂದು ತಳ್ಳಿಕೊಂಡು ಹಾಳೆಯ ಎರಡು ಅಂಚುಗಳಿಗೆ ಸರಿದವು. ಅಂದರೆ ನೆಲದಲ್ಲಿ ಅತ್ಯಂತ ಹತ್ತಿರವಿದ್ದವು ನಕ್ಷೆಯಲ್ಲಿ ಅತ್ಯಂತ ದೂರವಾದವು. ಮಾಹಿತಿಯಲ್ಲಿ ಎಲ್ಲಿಯೂ ಇಲ್ಲದ "ಇವು ಬೇರೆಬೇರೆ" ಎಂಬ ಹೇಳಿಕೆಯನ್ನು ಆ ಅಂದವೇ ಸೇರಿಸಿತ್ತು.

ಲಂಡನ್ನಿನ ಸುರಂಗ ರೈಲಿಗೆ ಹ್ಯಾರಿ ಬೆಕ್ ರೂಪಿಸಿ 1933ರಲ್ಲಿ ಪ್ರಕಟವಾದ ನಕ್ಷೆಯನ್ನು ಇಂಥ ಕೆಲಸಕ್ಕೆ ಮಾದರಿಯಾಗಿ ತೋರಿಸುವುದುಂಟು, ನಾನೂ ತೋರಿಸಿದ್ದೆ. ರೈಲು ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು ಎಂದಷ್ಟೇ ಬೇಕಾದ ಪ್ರಯಾಣಿಕನಿಗೆ ಅದು ಸಾಕು. ನೆಲ ಅಗೆದು ಕೇಬಲ್ ಹುಡುಕಬೇಕಾದವರಿಗೆ, ಒಂದು ದಾರಿ ಹೋದರೆ ಇನ್ನೊಂದು ಉಳಿಯುತ್ತದೆಯೇ ಎಂದು ನಿರ್ಧರಿಸಬೇಕಾದವರಿಗೆ ಅಂಥ ನಕ್ಷೆ ಸಾಲದು.

ಇನ್ನೊಂದು ಸಂಗತಿ ಆಮೇಲೆ ತಿಳಿಯಿತು. ಘಟನೆಯ ನಂತರ, ಒಂದು ಮೀಟರಿಗಿಂತ ಹತ್ತಿರ ಸಾಗುವ ಕೇಬಲ್ ಜೋಡಿಗಳನ್ನೆಲ್ಲ ಹುಡುಕಿಕೊಡುವಂತೆ ಜಿಐಎಸ್‌ಗೆ ಕೇಳಿದೆವು. ಈ ಜೋಡಿ ಆ ಪಟ್ಟಿಯಲ್ಲಿ ಬರಲೇ ಇಲ್ಲ. ಹಳೆಯ ಕೆಲಸಗಾರರು ಕೇಬಲ್ ಹಾಕಿದ ಮೇಲಿನ ದಾಖಲೆಯನ್ನು ಬರೆಯುವಾಗ, ಎರಡು ಗೆರೆಗಳೂ ಕಣ್ಣಿಗೆ ಕಾಣಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಒಂದನ್ನು ರಸ್ತೆಯ ಎಡಕ್ಕೂ ಇನ್ನೊಂದನ್ನು ಬಲಕ್ಕೂ ಸರಿಸಿ ಬರೆದಿದ್ದರು. ಹುಡುಕಾಟದ ಅಂತರವನ್ನು 15 ಮೀಟರಿಗೆ ಹಿಗ್ಗಿಸಿದಾಗ ಮಾತ್ರ ಅವು ಸಿಕ್ಕವು, ಜೊತೆಗೆ ಬೇರೆ ರಿಂಗುಗಳ ಇನ್ನೂ ನಾಲ್ಕು ಜೋಡಿಗಳೂ ಹೊರಬಂದವು. ಆದ್ದರಿಂದ ನಿಮ್ಮ ಜಿಐಎಸ್‌ನ ಗೆರೆಗಳು ಇರುವ ಜಾಗದಲ್ಲೇ ಇವೆಯೆಂದು ದಯವಿಟ್ಟು ನಂಬಬೇಡಿ. ಅಕ್ಷಾಂಶ ರೇಖಾಂಶಗಳಿದ್ದ ಮಾತ್ರಕ್ಕೆ ಅವು ಅಳತೆ ಮಾಡಿದವು ಎಂದಾಗುವುದಿಲ್ಲ.

ತಂತ್ರಾಂಶ ಪ್ರತಿ ರಾತ್ರಿ ನಕ್ಷೆಯನ್ನು ತಾನಾಗಿಯೇ ಮತ್ತೆ ಜೋಡಿಸುತ್ತಿದ್ದುದನ್ನೂ ನಾವು ನಿಲ್ಲಿಸಿದ್ದೇವೆ. ಒಂದು ಸಣ್ಣ ಜೋಡಣೆ ಸೇರಿದರೂ ಇಡೀ ಹಾಳೆ ಹೊಸದಾಗಿ ಹರಡಿಕೊಳ್ಳುತ್ತಿದ್ದುದರಿಂದ ಸಿಬ್ಬಂದಿಗೆ ಯಾವ ಊರು ಎಲ್ಲಿದೆ ಎಂಬ ರೂಢಿಯೇ ಬೆಳೆಯುತ್ತಿರಲಿಲ್ಲ. ಈಗ ಹಳೆಯ ಬಿಂದುಗಳು ಇದ್ದಲ್ಲೇ ಇರುತ್ತವೆ, ಹೊಸದನ್ನು ಮಾತ್ರ ಕೂರಿಸಲಾಗುತ್ತದೆ.

ಮುಖ್ಯ ತಿದ್ದುಪಡಿ ಮಾಹಿತಿಯಲ್ಲೇ ಆಗಬೇಕಿತ್ತು. ಯಾವ ಫೈಬರ್ ಯಾವುದಕ್ಕೆ ಸೇರಿದೆ ಎಂಬುದು ನಮ್ಮಲ್ಲಿತ್ತು. ಯಾವ ಕೇಬಲ್ ಯಾವ ಡಕ್ಟಿನಲ್ಲಿದೆ, ಆ ಡಕ್ಟ್ ಯಾವ ಟ್ರೆಂಚಿನಲ್ಲಿದೆ ಎಂಬುದು ಇರಲಿಲ್ಲ. ಈಗ ಪ್ರತಿ ಟ್ರೆಂಚಿಗೂ, ಕೇಬಲ್ ಹಾಯುವ ಪ್ರತಿ ಸೇತುವೆಗೂ, ಕಟ್ಟಡದೊಳಗೆ ಕೇಬಲ್ ಪ್ರವೇಶಿಸುವ ಪ್ರತಿ ಜಾಗಕ್ಕೂ ಒಂದೊಂದು ಸಂಖ್ಯೆಯಿದೆ. ರಿಂಗಿನ ಎರಡು ತೋಳುಗಳು ಹಾಯುವ ಸಂಖ್ಯೆಗಳನ್ನು ವಾರಕ್ಕೊಮ್ಮೆ ಒಂದು ಸ್ಕ್ರಿಪ್ಟ್ ಹೋಲಿಸುತ್ತದೆ. ಒಂದೇ ಸಂಖ್ಯೆ ಎರಡರಲ್ಲೂ ಬಂದರೆ ಅಲ್ಲಿನ ಜಾಯಿಂಟುಗಳನ್ನು ನಕ್ಷೆ ಅಳಿಸುವಂತಿಲ್ಲ, ಆ ಭಾಗದಲ್ಲಿ ಎರಡು ತೋಳುಗಳನ್ನು ಬೇರೆಯಾಗಿ ಎಳೆಯುವಂತಿಲ್ಲ. ಜಾಲ ನಿರ್ವಹಣೆಯವರು ಇದನ್ನು ಶೇರ್ಡ್ ರಿಸ್ಕ್ ಲಿಂಕ್ ಗ್ರೂಪ್ (ಒಂದೇ ಅಪಾಯಕ್ಕೆ ಒಟ್ಟಿಗೆ ಸಿಲುಕುವ ಸಂಪರ್ಕಗಳ ಗುಂಪು) ಎಂದು ಬಹಳ ಹಿಂದಿನಿಂದ ಕರೆಯುತ್ತ ಬಂದಿದ್ದಾರೆ. ನಕ್ಷೆ ಬರೆಯುವ ನಾವು ಅದನ್ನು ನಮ್ಮ ಕೆಲಸವೆಂದು ತಿಳಿದಿರಲಿಲ್ಲ. ಈ ಸಂಖ್ಯೆಗಳನ್ನು ತುಂಬುವಾಗ ಕಡತಗಳಿಗಿಂತ ಜಾಯಿಂಟರುಗಳ ನೆನಪೇ ನಮಗೆ ಹೆಚ್ಚು ನೆರವಾಯಿತು. ಅವರು ನಿವೃತ್ತರಾಗುವ ಮೊದಲು ಅವರನ್ನು ಕೂರಿಸಿಕೊಂಡು ಕೇಳಿ.

ಅಗೆಯುವವರು ಮೊದಲೇ ತಿಳಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು "ಕಾಲ್ ಬಿಫೋರ್ ಯು ಡಿಗ್" ಆ್ಯಪ್ ಬಿಡುಗಡೆ ಮಾಡಿದಾಗ, ಇಂಥ ಅಗೆತದಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟವಾಗುತ್ತಿದೆ ಎಂಬ ಅಂದಾಜನ್ನು ಮುಂದಿಟ್ಟಿತ್ತು. ಅದೇ ವರ್ಷ ಒಪ್ಪಿಗೆ ಪಡೆದ ಹಳ್ಳಿಗಳಿಗೆ ಬ್ರಾಡ್‌ಬ್ಯಾಂಡ್ ತಲುಪಿಸುವ ತಿದ್ದುಪಡಿಯಾದ ಭಾರತ್‌ನೆಟ್ ಯೋಜನೆ ಗ್ರಾಮ ಪಂಚಾಯಿತಿಗಳನ್ನು ರಿಂಗ್ ಜೋಡಣೆಗೆ ತರಲು ಹೊರಟಿದೆ. ಇನ್ನು ಮುಂದೆ ಎಷ್ಟೋ ಹೊಸ ರಿಂಗುಗಳ ನಕ್ಷೆಗಳನ್ನು ತಂತ್ರಾಂಶಗಳೇ ಬರೆಯಲಿವೆ, ಅವೆಲ್ಲವೂ ದುಂಡಗೆ, ಅಂದವಾಗಿಯೇ ಬರಲಿವೆ.

ನಮ್ಮ ಚಾರ್ಮಾಡಿ ತೋಳನ್ನು ಗುರುಪುರ, ಮೂಡುಬಿದಿರೆ, ವೇಣೂರು, ಗುರುವಾಯನಕೆರೆಯ ಮೂಲಕ ತಿರುಗಿಸುವ ಪ್ರಸ್ತಾವ ಸಿದ್ಧವಾಗಿದೆ, ಅಗೆತದ ಅನುಮತಿಗೆ ಕಾಯುತ್ತಿದ್ದೇವೆ. ಅಲ್ಲಿಯವರೆಗೆ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಆ ರಿಂಗ್ ಬಳೆಯಂತೆ ಕಾಣುವುದಿಲ್ಲ. ಮಂಗಳೂರಿನಿಂದ ಒಂದೇ ದಪ್ಪ ಕೆಂಪು ಗೆರೆ ಹೊರಟು, ಬಿ.ಸಿ.ರೋಡ್ ಎಂದು ಬರೆದ ಬಿಂದುವಿನಲ್ಲಿ ಎರಡಾಗುತ್ತದೆ.