ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರ್: ಬೆಳಗಾವಿ ಉದ್ಯಮಬಾಗದ ರಿಬೋರಿಂಗ್ ಶಾಪ್

ನಮ್ಮಪ್ಪನ 1984ರ ಪದ್ಮಿನಿ ಕಾರಿನ ಎಂಜಿನ್ ಎರಡು ವರ್ಷದಲ್ಲಿ ಎರಡು ಸಲ ಬಿಚ್ಚಿಸಿದ್ದೇನೆ. ಮೊದಲ ಸಲ ಬೇರೆ ಕಡೆ. ಅಲ್ಲಿ, ಟೈಟ್ ಇದ್ದರೆ ಪಿಕಪ್ ಚೆನ್ನಾಗಿರುತ್ತದೆ ಅಂತ ಹೇಳಿ ರಿಬೋರ್ ಮಾಡುವಾಗ, ಅಂದರೆ ಪಿಸ್ಟನ್ ಓಡಾಡುವ ತೂತನ್ನು (ಬೋರ್) ಕೊರೆದು ದೊಡ್ಡದು ಮಾಡುವಾಗ, ಪಿಸ್ಟನ್ನಿಗೂ ಬೋರಿನ ಗೋಡೆಗೂ ನಡುವಿನ ಗ್ಯಾಪ್ ಕಡಿಮೆ ಇಟ್ಟು ಕೊಟ್ಟರು. ಏಪ್ರಿಲ್ ಬಿಸಿಲಲ್ಲಿ ನಿಪ್ಪಾಣಿಯಿಂದ ವಾಪಸ್ ಬರುವಾಗ ವಂಟಮುರಿ ಘಾಟಿನ ಏರಿನಲ್ಲಿ ಎಂಜಿನ್ ಜಾಮ್ ಆಯಿತು. ಬಿಚ್ಚಿ ನೋಡಿದರೆ ಮೂರನೇ ಪಿಸ್ಟನ್ನಿನ ಸ್ಕರ್ಟ್ (ಕೆಳಗಿನ ಪಕ್ಕದ ಭಾಗ) ಮೇಲೆ ಉದ್ದಕ್ಕೆ ಗೀರು, ಅದರ ಅಲ್ಯೂಮಿನಿಯಂ ಬೋರಿನ ಗೋಡೆಗೆ ಮೆತ್ತಿಕೊಂಡಿತ್ತು. 0.25 ಓವರ್‌ಸೈಜ್ (ಮೂಲ ಅಳತೆಗಿಂತ 0.25 ಮಿಮೀ ದೊಡ್ಡದು) ಅಲ್ಲಿಗೇ ಮುಗಿಯಿತು, 0.50ಕ್ಕೆ ಹೋಗಬೇಕಾಯಿತು. ಬೀಡಿನ (ಎರಕದ ಕಬ್ಬಿಣದ) ಬ್ಲಾಕ್, ಒಮ್ಮೆ ಕೊರೆದದ್ದು ವಾಪಸ್ ಬರುವುದಿಲ್ಲ ಅಲ್ವಾ.

ಈ ಸಲ ಹೋಗಿದ್ದು ಉದ್ಯಮಬಾಗದ ಒಳರಸ್ತೆಯ ಒಂದು ಸಣ್ಣ ಶಾಪ್‌ಗೆ. ಬೋರ್ಡ್ ಇಲ್ಲ, ಬಾಗಿಲಲ್ಲಿ ಹಳೇ ಬ್ಲಾಕ್‌ಗಳ ರಾಶಿ ಇದೆ, ಅದೇ ಗುರುತು. ಬ್ಲಾಕ್ ಇಳಿಸುತ್ತಿದ್ದ ಹಾಗೆ ಮಿಸ್ತ್ರಿ ಕಾಕಾ ಕೇಳಿದ್ದು ಒಂದೇ: "ಪಿಸ್ಟನ್ ಎಲ್ಲದಾವ್ರಿ?" ಇನ್ನೂ ಬಂದಿಲ್ಲ ಅಂದೆ. "ಹಂಗಾರ ಅವು ಬಂದ ಮ್ಯಾಲೆ ಬರ್ರಿ ಸರ, ಅಲ್ಲೀತನಕ ಬೋರ್ ಮುಟ್ಟಂಗಿಲ್ಲ." ಬ್ಲಾಕ್ ವಾಪಸ್ ಕಳಿಸಿದರು. ಆಗ ಬೇಜಾರಾಯಿತು. ಈಗ ಅದಕ್ಕೇ ಈ ಶಾಪ್ ಬಗ್ಗೆ ಬರೆಯುತ್ತಿದ್ದೇನೆ.

ಯಾಕೆಂದರೆ ಪಿಸ್ಟನ್ ತಲೆ ಮೇಲೆ 0.50 ಅಂತ ಇದ್ದರೂ ಅದೇ ಅಳತೆ ಅಲ್ಲ. ಪದ್ಮಿನಿಯ ಸ್ಟ್ಯಾಂಡರ್ಡ್ ಬೋರ್ 68 ಮಿಮೀ, 0.50 ಸೇರಿದರೆ 68.50. ಪಿಸ್ಟನ್ ಬಂದ ಮೇಲೆ ಮತ್ತೆ ಹೋದಾಗ ಕಾಕಾ ನನ್ನ ಎದುರಿಗೇ ಮೈಕ್ರೋಮೀಟರ್ ಇಟ್ಟರು, ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್ನಿಗೆ ಅಡ್ಡವಾಗಿ, ಸ್ಕರ್ಟಿನ ಕೆಳಭಾಗದಲ್ಲಿ. ಪಿಸ್ಟನ್ ಪೂರ್ತಿ ದುಂಡಗಿರುವುದಿಲ್ಲ, ಸ್ವಲ್ಪ ಮೊಟ್ಟೆ ಆಕಾರ, ಹಾಗಾಗಿ ಎಲ್ಲಿ ಹಿಡಿದರೂ ನಡೆಯುತ್ತದೆ ಅನ್ನುವ ಹಾಗಿಲ್ಲ. ಮೂರು ಪಿಸ್ಟನ್ 68.45 ಬಂದವು, ಒಂದು 68.46. ಡಬ್ಬಿಯ ಚೀಟಿಯಲ್ಲಿ ಗ್ಯಾಪ್ 0.05 ಅಂತ ಇತ್ತು. ಮೂರು ಬೋರ್ 68.50ಕ್ಕೆ, ನಾಲ್ಕನೆಯದು 68.51ಕ್ಕೆ ಮಾಡಿದರು. ಯಾವ ಪಿಸ್ಟನ್ ಯಾವ ಬೋರಿಗೆ ಅಂತ ನಂಬರ್ ಕೂಡ ಬರೆದರು.

ಅಲ್ಯೂಮಿನಿಯಂ ಬಿಸಿಯಾದರೆ ಬೀಡಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಅದಕ್ಕೇ ಈ ಗ್ಯಾಪ್. ಕಡಿಮೆ ಆದರೆ ನಮ್ಮ ಹಾಗೆ ಘಾಟಿನಲ್ಲಿ ನಿಲ್ಲುತ್ತೀರಿ. ಜಾಸ್ತಿ ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪಿಸ್ಟನ್ ಗೋಡೆಗೆ ಬಡಿದು ಟಕ್ ಟಕ್ ಅನ್ನುತ್ತದೆ, ಸ್ಕರ್ಟ್ ಸವೆಯುತ್ತದೆ, ಆಯಿಲ್ ತಿನ್ನಲೂ ಶುರುವಾಗುತ್ತದೆ. ಎರಡರಲ್ಲಿ ಒಂದು ಆಗಲೇಬೇಕು ಅಂದರೆ ನಾನು ಸದ್ದನ್ನೇ ಒಪ್ಪಿಕೊಳ್ಳುತ್ತೇನೆ. ಫೋರ್ಜ್ಡ್ (ಎರಕ ಹೊಯ್ಯದೆ, ಒತ್ತಿ ಮಾಡಿದ) ಪಿಸ್ಟನ್ ಹಾಕಿಸುವವರು ಈ 0.05 ನೋಡಿ ಹೋಗಬೇಡಿ, ಅವು ಸಾಮಾನ್ಯವಾಗಿ ಇನ್ನೂ ಜಾಸ್ತಿ ಗ್ಯಾಪ್ ಕೇಳುತ್ತವೆ, ನಿಮ್ಮ ಡಬ್ಬಿಯ ಚೀಟಿಯೇ ನೋಡಿ.

ಹೋನಿಂಗ್ (ಕೊರೆದ ಬೋರನ್ನು ಕಲ್ಲಿನಿಂದ ಉಜ್ಜಿ ಕೊನೆಯ ಅಳತೆಗೆ ತರುವುದು) ಮುಗಿದ ಕೂಡಲೇ ಅಳತೆ ನೋಡಿ ಅಂದೆ. ಕಾಕಾ ಒಪ್ಪಲಿಲ್ಲ. ಬ್ಲಾಕ್ ಬೆಚ್ಚಗಿದ್ದಾಗ ಬೋರ್ ದೊಡ್ಡದಾಗಿ ತೋರಿಸುತ್ತದೆ ಅಂತ ರಾತ್ರಿಯಿಡೀ ತಣ್ಣಗಾಗಲು ಬಿಟ್ಟರು. ಮರುದಿನ ಡಯಲ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ, ಅಡ್ಡಕ್ಕೂ ಉದ್ದಕ್ಕೂ ತೋರಿಸಿದರು, ಮುಳ್ಳು ಹೆಚ್ಚು ಅಲುಗಲೇ ಇಲ್ಲ. ಆಮೇಲೆ ಬಿಸಿನೀರು, ಸೋಪು, ಬ್ರಷ್ ಹಾಕಿ ತಿಕ್ಕಿದರು. ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಒರೆಸಿದಾಗ ಮೊದಲ ಸಲ ಬೂದು ಬಣ್ಣ ಬಂತು, ಹೋನಿಂಗಿನ ಪುಡಿ ಇನ್ನೂ ಉಳಿದಿತ್ತು. ಮತ್ತೆ ತೊಳೆದರು. ಮೂರನೇ ಸಲಕ್ಕೆ ಬಟ್ಟೆ ಬೆಳ್ಳಗೇ ಉಳಿಯಿತು.

ತಕರಾರು ಇಲ್ಲ ಅಂತಲ್ಲ. ನಾಲ್ಕು ದಿನ ಅಂದಿದ್ದು ಒಂಬತ್ತು ದಿನ ಆಯಿತು, ಫೋನ್ ಎತ್ತುವುದೇ ಇಲ್ಲ, ಖರ್ಚೂ ಬೇರೆ ಕಡೆಗಿಂತ ಸ್ವಲ್ಪ ಜಾಸ್ತಿ. ಅಳತೆಯ ಚೀಟಿ ಕೇಳಿದರೆ ಮಾತ್ರ ಕೊಡುತ್ತಾರೆ, ಕೇಳಿ ಇಸ್ಕೊಳ್ಳಿ.

ಈಗ 800 ಕಿಲೋಮೀಟರ್ ಆಗಿದೆ. ಹೋದ ಭಾನುವಾರ ಅಪ್ಪನನ್ನು ಕೂರಿಸಿಕೊಂಡು ಅದೇ ವಂಟಮುರಿ ಘಾಟ್ ಹತ್ತಿಸಿದೆ. ಟೆಂಪರೇಚರ್ ಮುಳ್ಳು ನಡುವೆಯೇ ನಿಂತಿತ್ತು. ಅಪ್ಪ ಇಡೀ ಏರು ಮುಗಿಯುವತನಕ ಮಾತಾಡಲಿಲ್ಲ, ಕಿಟಕಿ ಇಳಿಸಿ ಎಂಜಿನ್ ಸದ್ದು ಕೇಳುತ್ತಾ ಕೂತಿದ್ದರು.